ಕಂಪೈಲ್ ಆಗುತ್ತದೆ, ಲಿಂಕ್ ಮಾತ್ರ ಆಗುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಮಳೆ ಅಂಕಿಅಂಶ ಲೆಕ್ಕ ಹಾಕುವ ಹಳೆಯ ಓಪನ್ ಸೋರ್ಸ್ ಪ್ರೋಗ್ರಾಂ ಒಂದನ್ನು ಉಬುಂಟು 22.04ರಲ್ಲಿ ಬಿಲ್ಡ್ ಮಾಡುತ್ತಿದ್ದೇನೆ. ಸಿ ಭಾಷೆಯದು, ಎಷ್ಟೋ ವರ್ಷದಿಂದ ಯಾರೂ ಕೈ ಹಾಕಿಲ್ಲ. ಫೈಲ್‌ಗಳೆಲ್ಲ ಕಂಪೈಲ್ ಆಗುತ್ತವೆ. ಕೊನೆಗೆ ‘ಮಲ್ಟಿಪಲ್ ಡೆಫಿನಿಷನ್ ಆಫ್ ವರ್ಬೋಸ್’ ಅಂತ ಸಾಲುಸಾಲು ಎರರ್. ನಮ್ಮ ಸೀನಿಯರ್‌ದು ಡೆಬಿಯನ್ 10, ಅಲ್ಲಿ ಇದೇ ಕೋಡ್ ಸಲೀಸಾಗಿ ಆಗುತ್ತದೆ. ಯಾವುದೋ ಲೈಬ್ರರಿ ಬಿಟ್ಟುಹೋಗಿದೆ ಅಲ್ವಾ? ಸಿಕ್ಕಿದ ಡೆವ್ ಪ್ಯಾಕೇಜ್‌ಗಳನ್ನೆಲ್ಲ ಹಾಕಿ ನೋಡಿದೆ.

ಉತ್ತರ: ಪ್ಯಾಕೇಜ್ ಹಾಕುವುದನ್ನು ಮೊದಲು ನಿಲ್ಲಿಸಿ. ಲೈಬ್ರರಿ ಸಿಗದಿದ್ದರೆ ಲಿಂಕರ್ (ಕಂಪೈಲ್ ಆದ ಫೈಲ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಟೂಲ್) ‘ಕೆನಾಟ್ ಫೈಂಡ್’ ಅನ್ನುತ್ತದೆ. ಇಲ್ಲಿ ಅದು ಹೇಳುತ್ತಿರುವುದು ಉಲ್ಟಾ. ಒಂದೇ ಹೆಸರು ಜಾಸ್ತಿ ಸಲ ಸಿಕ್ಕಿದೆ.

ಹೆಡರ್ ಫೈಲ್ ತೆಗೆದು ನೋಡಿ. ‘ಇಂಟ್ ವರ್ಬೋಸ್;’ ಅಂತ ಒಂದು ಸಾಲು ಇರಬೇಕು, ಅದರ ಮುಂದೆ ‘ಎಕ್ಸ್‌ಟರ್ನ್’ (ಈ ವೇರಿಯೇಬಲ್ ಬೇರೆ ಕಡೆ ಇದೆ ಅಂತ ಹೇಳುವ ಪದ) ಇರುವುದಿಲ್ಲ. ಆ ಹೆಡರ್ ಎಷ್ಟು ಸಿ ಫೈಲ್‌ಗೆ ಸೇರುತ್ತದೋ ಅಷ್ಟು ವರ್ಬೋಸ್ ಹುಟ್ಟುತ್ತವೆ. ಹಿಂದೆ ಸಿ ಕಂಪೈಲರ್ ಆದ ಜಿಸಿಸಿ ಇವಕ್ಕೆ ‘ಕಾಮನ್’ ಅಂತ ಗುರುತು ಹಾಕುತ್ತಿತ್ತು, ಲಿಂಕರ್ ಎಲ್ಲವನ್ನೂ ಸೇರಿಸಿ ಒಂದು ಮಾಡುತ್ತಿತ್ತು. 2020ರಲ್ಲಿ ಬಂದ ಜಿಸಿಸಿ 10ರಿಂದ ಆ ಡೀಫಾಲ್ಟ್ ಹೋಯಿತು. ನಿಮ್ಮಲ್ಲಿರುವುದು ಜಿಸಿಸಿ 11, ಸೀನಿಯರ್ ಹತ್ತಿರ 8. ಕಣ್ಣಾರೆ ನೋಡಬೇಕೆಂದರೆ ಎರಡೂ ಮಷೀನಿನಲ್ಲಿ ಒಂದು ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ಫೈಲ್) ಮೇಲೆ, ಅದರೊಳಗಿನ ಹೆಸರುಗಳನ್ನು ತೋರಿಸುವ ‘ಎನ್‌ಎಂ’ ಕಮಾಂಡ್ ಓಡಿಸಿ. ವರ್ಬೋಸ್ ಪಕ್ಕದಲ್ಲಿ ಅವರಿಗೆ ‘ಸಿ’ ಅಕ್ಷರ ಬರುತ್ತದೆ, ನಿಮಗೆ ‘ಬಿ’.

ಸರಿಯಾದ ರಿಪೇರಿ ಅಂದರೆ, ಹೆಡರ್‌ನಲ್ಲಿ ಎಕ್ಸ್‌ಟರ್ನ್ ಸೇರಿಸಿ, ಒಂದೇ ಒಂದು ಸಿ ಫೈಲಿನಲ್ಲಿ ‘ಇಂಟ್ ವರ್ಬೋಸ್;’ ಬರೆಯಿರಿ. ತುರ್ತಿದ್ದರೆ ಮೇಕ್‌ಫೈಲಿನಲ್ಲಿ (ಬಿಲ್ಡ್ ಸೂಚನೆಗಳ ಫೈಲ್) ಕಂಪೈಲರ್ ಫ್ಲ್ಯಾಗ್‌ಗಳಿರುವ ಸಿಫ್ಲ್ಯಾಗ್ಸ್‌ಗೆ, ಹಳೆಯ ಡೀಫಾಲ್ಟ್ ವಾಪಸ್ ತರುವ ‘-ಎಫ್‌ಕಾಮನ್’ ಸೇರಿಸಿದರೂ ನಡೆಯುತ್ತದೆ. ಆದರೆ ಮೊದಲು ‘ಮೇಕ್ ಕ್ಲೀನ್’ ಮಾಡಿ. ಇಲ್ಲದಿದ್ದರೆ ಮೇಕ್ ಹಳೆಯ ಆಬ್ಜೆಕ್ಟ್ ಫೈಲ್‌ಗಳನ್ನೇ ಎತ್ತಿಕೊಳ್ಳುತ್ತದೆ, ಫ್ಲ್ಯಾಗ್ ಕೆಲಸ ಮಾಡಲಿಲ್ಲ ಅಂತ ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ. ಈ ಒಂದು ತಪ್ಪಿಗೆ ಇಡೀ ಮಧ್ಯಾಹ್ನ ಕಳೆದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಎಕ್ಸ್‌ಟರ್ನ್ ಹಾಕಿದೆ ಸರ್, ಆ ರಾಶಿ ಎಲ್ಲ ಹೋಯಿತು! ಒಂದು ಸಾಲು ಮಾತ್ರ ಉಳಿದಿದೆ: ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಪವ್’. ಪವ್ ಅಂದರೆ ಘಾತ ಲೆಕ್ಕ ಹಾಕುವ ಫಂಕ್ಷನ್. ಇದು ಮೊದಲೂ ಕೊನೆಯಲ್ಲಿತ್ತು, ನಾನು ಗಮನಿಸಿರಲಿಲ್ಲ. ಮೇಕ್‌ಫೈಲಿನ ಎಲ್‌ಡಿಫ್ಲ್ಯಾಗ್ಸ್‌ನಲ್ಲಿ (ಲಿಂಕರ್ ಫ್ಲ್ಯಾಗ್‌ಗಳು) ಗಣಿತದ ಲೈಬ್ರರಿ ಸೇರಿಸುವ ‘-ಎಲ್‌ಎಂ’ ಇದೆಯಲ್ಲ?

ಉತ್ತರ: ಇದೆ, ಆದರೆ ಜಾಗ ತಪ್ಪು. ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಇದ್ದದ್ದನ್ನು ಮೇಕ್ ಆಬ್ಜೆಕ್ಟ್ ಫೈಲ್‌ಗಳಿಗಿಂತ ಮುಂಚೆ ಇಡುತ್ತದೆ. ಲಿಂಕರ್ ಓದುವುದು ಎಡದಿಂದ ಬಲಕ್ಕೆ. ಗಣಿತದ ಲೈಬ್ರರಿ ಎದುರಾದಾಗ ಪವ್ ಬೇಕು ಅಂತ ಇನ್ನೂ ಯಾರೂ ಕೇಳಿರುವುದಿಲ್ಲ. ಉಬುಂಟುವಿನಲ್ಲಿ ‘ಆಸ್-ನೀಡೆಡ್’ (ಬೇಕಾದ ಲೈಬ್ರರಿ ಮಾತ್ರ ಸೇರಿಸು) ಡೀಫಾಲ್ಟ್ ಆಗಿರುವುದರಿಂದ ಲಿಂಕರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಡೆಬಿಯನ್‌ನಲ್ಲಿ ಹಾಗಿಲ್ಲ, ಅದಕ್ಕೇ ಸೀನಿಯರ್‌ಗೆ ತೊಂದರೆ ಬರಲಿಲ್ಲ. ‘-ಎಲ್‌ಎಂ’ ಅನ್ನು ಎಲ್‌ಡಿಲಿಬ್ಸ್‌ಗೆ ಹಾಕಿ, ಅದು ಆಬ್ಜೆಕ್ಟ್ ಫೈಲ್‌ಗಳ ನಂತರ ಬರುತ್ತದೆ. ಮೇಕ್‌ಫೈಲಿನಲ್ಲಿ ಲಿಂಕ್ ಮಾಡುವ ಸಾಲನ್ನು ಕೈಯಾರೆ ಬರೆದಿದ್ದರೆ ಅದರ ತುದಿಗೆ ಸೇರಿಸಿ.

ಪ್ರಶ್ನೆ: ಆಯಿತು ಸರ್, ಪ್ರೋಗ್ರಾಂ ಓಡುತ್ತಿದೆ. ತುಂಬಾ ಥ್ಯಾಂಕ್ಸ್.

ಉತ್ತರ: ಖುಷಿಯಾಯಿತು. ಈ ಎರಡೂ ಬದಲಾವಣೆಗಳನ್ನು ಬೇರೆ ಬೇರೆ ಪ್ಯಾಚ್ ಮಾಡಿ ಮೂಲ ಪ್ರಾಜೆಕ್ಟ್‌ಗೆ ಕಳಿಸಿ. ಎರರ್ ಸಾಲನ್ನೂ ಜಿಸಿಸಿ ವರ್ಷನ್ನನ್ನೂ ಪ್ಯಾಚ್ ಸಂದೇಶದಲ್ಲಿ ಹಾಗೇ ಬರೆಯಿರಿ. ಮುಂದೆ ಇದೇ ಎರರ್ ಹುಡುಕುವವರಿಗೆ ಅದು ನೇರವಾಗಿ ಸಿಗುತ್ತದೆ.