ಅಪ್ಪನ ಎದೆಬಡಿತ ತಪ್ಪುತ್ತಿದೆ, ಇದಕ್ಕೂ ಕೊಲೆಸ್ಟ್ರಾಲಿಗೂ ಸಂಬಂಧ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ಮಂಡ್ಯ:
ಅಪ್ಪನಿಗೆ 63. ಶುಗರ್ ಇದೆ, ಬಿಪಿ ಮಾತ್ರೆ ನುಂಗುತ್ತಾರೆ. ಎರಡು ತಿಂಗಳಿಂದ ಆಗಾಗ ಎದೆ ಪಟಪಟ ಅನ್ನುತ್ತದೆ, ಕಾಲು ಗಂಟೆಯಲ್ಲಿ ಸರಿಹೋಗುತ್ತದೆ. ಇಸಿಜಿ ನಾರ್ಮಲ್. ರಕ್ತದ ರಿಪೋರ್ಟಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 92, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 286. ಕೆಟ್ಟ ಕೊಲೆಸ್ಟ್ರಾಲ್ ಕಮ್ಮಿ ಇದೆಯಲ್ಲ, ಹಾರ್ಟಿನ ಚಿಂತೆ ಬೇಡ ಅಂತ ಮನೆಯಲ್ಲಿ ಎಲ್ಲರೂ ಸುಮ್ಮನಾಗಿದ್ದಾರೆ. ಪಕ್ಕದ ಮನೆಯವರು ಮೀನೆಣ್ಣೆ ಕ್ಯಾಪ್ಸೂಲ್ ಶುರು ಮಾಡಿಸಿ ಅಂತಿದ್ದಾರೆ. ಏನು ಮಾಡಲಿ?

ಮೈಸೂರಿನಿಂದ ಒಬ್ಬರು:
ನಿಮ್ಮ ಅಪ್ಪನ ರಿಪೋರ್ಟ್ ನೋಡಿ ನಮ್ಮ ಅಮ್ಮನದೇ ಅನ್ನಿಸಿತು. ದಯವಿಟ್ಟು ಸುಮ್ಮನಾಗಬೇಡಿ. 2019ರಲ್ಲಿ ಅಮ್ಮನಿಗೂ ಹೀಗೇ ಆಗುತ್ತಿತ್ತು. ಮೂರು ಸಲ ಇಸಿಜಿ ತೆಗೆಸಿದೆವು, ಮೂರೂ ಸಲ ನಾರ್ಮಲ್, ಗ್ಯಾಸ್ ಇರಬೇಕು ಅಂತ ಕಳಿಸಿದರು. ಒಂದು ರಾತ್ರಿ ನೀರು ಕುಡಿಯೋಕೆ ಎದ್ದವರು ಅಡುಗೆಮನೆ ಕಟ್ಟೆ ಹಿಡಿದುಕೊಂಡು ನಿಂತುಬಿಟ್ಟಿದ್ದರು. ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಎರಡು ಬಡಿತ ಬೇಗ, ಆಮೇಲೆ ಒಂದು ತಡ, ಮತ್ತೆ ಮೂರು ಒಂದರ ಮೇಲೊಂದು, ದಾರಿ ತಪ್ಪಿದ ಎತ್ತಿನ ಕೊರಳ ಗಂಟೆ ಥರ, ಲೆಕ್ಕಕ್ಕೇ ಸಿಗಲಿಲ್ಲ. ಆಮೇಲೆ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಎದೆಗೆ ಹೋಲ್ಟರ್ (ಬಿಡದೆ ಬಡಿತ ದಾಖಲಿಸೋ ಚಿಕ್ಕ ಯಂತ್ರ) ಹಾಕಿ 24 ಗಂಟೆ ಬಿಟ್ಟರು. ಅದರಲ್ಲಿ ಸಿಕ್ಕಿಬಿತ್ತು, ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ನೆ ನಡುಗುತ್ತವೆ, ರಕ್ತ ಅಲ್ಲೇ ನಿಂತು ಗಡ್ಡೆ ಕಟ್ಟಬಹುದು, ಆ ಗಡ್ಡೆ ಮೆದುಳಿಗೆ ಹೋದರೆ ಲಕ್ವ. ಈ ತೊಂದರೆ ಇದ್ದವರಿಗೆ ಲಕ್ವದ ಭಯ ಸುಮಾರು ಐದು ಪಟ್ಟು ಜಾಸ್ತಿ. ಇಸಿಜಿ ಹಿಡಿಯೋದು ಬರೀ ಹತ್ತು ಸೆಕೆಂಡಿನ ಬಡಿತ, ಆ ಹೊತ್ತಿಗೆ ಸರಿ ಇದ್ದರೆ ನಾರ್ಮಲ್ ಅಂತಲೇ ಬರುತ್ತದೆ.

ಇನ್ನು ಕೊಲೆಸ್ಟ್ರಾಲ್ ವಿಷಯ. ಎಲ್‌ಡಿಎಲ್ ಕಮ್ಮಿ ಇದ್ದರೆ ಬಡಿತವೂ ಸರಿ ಇರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಮತ್ತು ಮೆಸಾ ಅನ್ನೋ ಎರಡು ದೊಡ್ಡ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಎಚ್‌ಡಿಎಲ್ 60ರ ಮೇಲಿದ್ದವರಿಗೆ ಈ ತೊಂದರೆ ಕಮ್ಮಿ, ಟ್ರೈಗ್ಲಿಸರೈಡ್ 200 ದಾಟಿದವರಿಗೆ ಜಾಸ್ತಿ ಅಂತ ಬಂತು. ಎಲ್‌ಡಿಎಲ್ ಜಾಸ್ತಿ ಇದ್ದವರಲ್ಲೇ ಬಡಿತದ ತೊಂದರೆ ಕಮ್ಮಿ ಅಂತ ತೋರಿಸಿದ ಅಧ್ಯಯನಗಳೂ ಇವೆ. ಹಾಗಂತ ಎಲ್‌ಡಿಎಲ್ ಏರಲಿ ಅಂತ ಯಾರೂ ಬಿಡಬೇಡಿ, ಅದನ್ನು ಇಳಿಸೋ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಲೇಬೇಡಿ, ಹಾರ್ಟ್ ಅಟ್ಯಾಕಿಗೆ ದಾರಿ ಮಾಡೋದು ಏರಿದ ಎಲ್‌ಡಿಎಲ್ಲೇ. ನಿಮ್ಮ ಅಪ್ಪನ 34 ಮತ್ತು 286 ನೋಡಿದರೆ ನನಗೆ ಯೋಚನೆ ಆಗೋದು ಬೇರೆ ಕಾರಣಕ್ಕೆ. ಈ ಎರಡು ಅಂಕಿ ಹೀಗಿದ್ದ ಕಡೆ ಸಾಮಾನ್ಯವಾಗಿ ಹೊಟ್ಟೆ ಬೊಜ್ಜು, ಶುಗರ್, ಬಿಪಿ, ಗೊರಕೆಯ ನಡುವೆ ಉಸಿರು ನಿಲ್ಲೋದು, ಇವೆಲ್ಲ ಜೊತೆಗಿರುತ್ತವೆ, ಮೇಲಿನ ಕೋಣೆಯನ್ನು ಹಿಗ್ಗಿಸಿ ಬಡಿತ ಕೆಡಿಸೋದು ಅವೇ. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ. ನಮ್ಮ ಅಮ್ಮನ ಗೊರಕೆಯನ್ನು ಇಪ್ಪತ್ತು ವರ್ಷ ನಾವು ಯಾರೂ ಕಾಯಿಲೆ ಅಂದುಕೊಂಡಿರಲಿಲ್ಲ, ಈಗಲೂ ಆ ಬೇಜಾರು ಹೋಗಿಲ್ಲ.

ಮದ್ದೂರು ಕಡೆಯವರು:
ಮೀನೆಣ್ಣೆಗೆ ನಾನು ಬೇಡ ಅಂತೀನಿ. ನಮ್ಮ ಭಾವ ಟ್ರೈಗ್ಲಿಸರೈಡ್ ಇಳಿಯಲಿ ಅಂತ ತಾವೇ ಅಂಗಡಿಯಿಂದ ತಂದು ದಿನಕ್ಕೆ ನಾಲ್ಕು ನುಂಗುತ್ತಿದ್ದರು, ಎದೆ ಪಟಪಟ ಇದ್ದರೂ. ಕಾರ್ಡಿಯಾಲಜಿಸ್ಟ್ ಕೇಳಿದ ಕೂಡಲೇ ನಿಲ್ಲಿಸಿದರು. 2018ರ ರೆಡ್ಯೂಸ್-ಇಟ್ ಅನ್ನೋ ಪರೀಕ್ಷೆಯಲ್ಲಿ ದಿನಕ್ಕೆ 4 ಗ್ರಾಂ ಶುದ್ಧ ಮಾಡಿದ ಒಮೆಗಾ-3 (ಮೀನೆಣ್ಣೆಯಲ್ಲಿರೋ ಅಂಶ) ತಗೊಂಡವರಿಗೆ ಹಾರ್ಟ್ ಅಟ್ಯಾಕ್ ಕಮ್ಮಿಯಾಯಿತು, ಆದರೆ ಬಡಿತದ ತೊಂದರೆಗೆ ಆಸ್ಪತ್ರೆ ಸೇರಿದವರು ನೂರಕ್ಕೆ 3.1, ತಗೊಳ್ಳದವರಲ್ಲಿ 2.1. ಕೊಡಬೇಕಾ ಬೇಡವಾ ಅಂತ ಡಾಕ್ಟರೇ ಹೇಳಲಿ. ಅದರ ಬದಲು ರಾತ್ರಿ ಅನ್ನ ಕಮ್ಮಿ ಮಾಡಿಸಿ, ಬೆಲ್ಲದ ಕಾಫಿ ನಿಲ್ಲಿಸಿ, ಕುಡಿಯೋ ಅಭ್ಯಾಸ ಇದ್ದರೆ ಬಿಡಿಸಿ. ಟ್ರೈಗ್ಲಿಸರೈಡ್ ನಮ್ಮ ಭಾವನಿಗೆ ಇಳಿದಿದ್ದು ಹಾಗೇ.

ಮೈಸೂರಿನವರೇ ಮತ್ತೆ:
ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರು ಇದ್ದರೆ ಲಿಪೋಪ್ರೋಟೀನ್-ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರೋ ಒಂದು ಕಣ) ಪರೀಕ್ಷೆ ಜೀವನದಲ್ಲಿ ಒಂದು ಸಲ ಮಾಡಿಸಿ. ಅದು ಬಹುಪಾಲು ಹುಟ್ಟಿನಿಂದ ಬರೋದು, ಪಥ್ಯಕ್ಕೆ ಇಳಿಯಲ್ಲ. ಬ್ರಿಟನ್ನಿನ ಬಯೋಬ್ಯಾಂಕ್ ಅಧ್ಯಯನದಲ್ಲಿ ಇದಕ್ಕೂ ಬಡಿತ ತಪ್ಪೋದಕ್ಕೂ ನಂಟು ಕಂಡಿದೆ. ಇನ್ನೊಂದು, ಮುಂದೆ ರಕ್ತ ತೆಳು ಮಾಡೋ ಮಾತ್ರೆ ಕೊಟ್ಟರೆ ಅದು ವಾರ್ಫರಿನ್ನಾ ಅಂತ ಕೇಳಿಕೊಳ್ಳಿ. ವಾರ್ಫರಿನ್ ಆದರೆ ಒಂದು ವಾರ ದಿನಾ ಸೊಪ್ಪಿನ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಅಂತ ಮಾಡಬಾರದು, ಸೊಪ್ಪು ಹೆಚ್ಚು ಕಮ್ಮಿ ಆದರೆ ಆ ಮಾತ್ರೆಯ ಕೆಲಸವೂ ಏರುಪೇರಾಗುತ್ತದೆ, ಒಂದೇ ಸಮ ತಿನ್ನಬೇಕು.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಅಪ್ಪನಿಗೆ ಮತ್ತೆ ಬಂತು, ಪಕ್ಕ ಕೂತು ನಾಡಿ ಹಿಡಿದೆ, ನೀವು ಹೇಳಿದ ಹಾಗೇ ಇತ್ತು, ಒಂದು ನಿಮಿಷ ಪೂರ್ತಿ ಎಣಿಸೋಕೇ ಆಗಲಿಲ್ಲ. ಕ್ಯಾಪ್ಸೂಲ್ ಡಬ್ಬಿ ವಾಪಸ್ ಕೊಟ್ಟೆ. ಸೋಮವಾರ ಹೋಲ್ಟರ್ ಹಾಕಿಸೋಕೆ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ.