ಫಿನ್ನಿಶ್ ಸ್ಪಿಟ್ಸ್ ಬೊಗಳುವುದನ್ನು ನಿಲ್ಲಿಸುತ್ತಿಲ್ಲ: ತಳಿಯ ಗುಣವೇ?

ಪ್ರಶ್ನೆ:
ಏಳು ತಿಂಗಳ ಗಂಡು ಮರಿ. ಕಿಟಕಿಯಾಚೆ ಮರದಲ್ಲಿ ಹಕ್ಕಿ ಕೂತರೆ ಸಾಕು, ಹಾರಿಹೋಗುವ ತನಕ ಒಂದೇ ಸಮನೆ ಬೊಗಳುತ್ತದೆ. ಗದರಿದರೆ ಇನ್ನೂ ಜೋರು. ಉಳಿದಂತೆ ಬಲು ಸಾಧು. ಬೊಗಳದಂತೆ ತಡೆಯುವ ಶಾಕ್ ಕಾಲರ್ ಹಾಕಬಹುದೇ?

ಉತ್ತರ 1:
ತಳಿಯ ಗುಣವೇ. ಫಿನ್ಲೆಂಡಿನ ಕಾಡಿನಲ್ಲಿ ಈ ನಾಯಿಯ ಕೆಲಸ ಹಕ್ಕಿ ಹಿಡಿಯುವುದಲ್ಲ, ತೋರಿಸಿಕೊಡುವುದು. ಬೇಟೆಗಾರನಿಗಿಂತ ಬಹಳ ಮುಂದೆ ಓಡಿ, ಕ್ಯಾಪರ್‌ಕೇಲಿಯಂಥ ದೊಡ್ಡ ಹಕ್ಕಿಯನ್ನು ಎಬ್ಬಿಸಿ, ಅದು ಹಾರಿ ಕೂತ ಮರದ ಬುಡಕ್ಕೆ ಹೋಗುತ್ತದೆ. ಮೊದಲು ಮೆಲ್ಲಗೆ ಬೊಗಳಿ, ಹಕ್ಕಿ ಕದಲದಿದ್ದರೆ ದನಿ ಏರಿಸುತ್ತದೆ. ಅತ್ತಿತ್ತ ನಡೆಯುತ್ತ ಬಾಲ ಆಡಿಸುತ್ತದೆ. ಹಕ್ಕಿಯ ಗಮನವೆಲ್ಲ ನಾಯಿಯ ಮೇಲೆ; ಬೇಟೆಗಾರನ ಹೆಜ್ಜೆ ಸಪ್ಪಳ ಆ ಬೊಗಳಿನಲ್ಲೇ ಮುಚ್ಚಿಹೋಗುತ್ತದೆ. ನಿಮ್ಮ ಮರಿ ಕಿಟಕಿಯ ಬಳಿ ಮಾಡುತ್ತಿರುವುದೂ ಇದನ್ನೇ.

19ನೇ ಶತಮಾನದ ಕೊನೆಗೆ ಬೇರೆ ನಾಯಿಗಳ ಜೊತೆ ಬೆರೆತು ತಳಿ ಅಳಿವಿನಂಚಿಗೆ ಬಂದಿತ್ತು. ಹ್ಯೂಗೋ ರೂಸ್, ಹ್ಯೂಗೋ ಸ್ಯಾಂಡ್‌ಬರ್ಗ್ ಎಂಬಿಬ್ಬರು ಅದನ್ನು ಉಳಿಸಲು ಮುಂದಾದರು. 1892ರಲ್ಲಿ ಮಾನ್ಯತೆ ಸಿಕ್ಕಿತು, 1979ರಲ್ಲಿ ಅದು ಫಿನ್ಲೆಂಡಿನ ರಾಷ್ಟ್ರೀಯ ನಾಯಿಯಾಯಿತು. ಚೆನ್ನಾಗಿ ಬೊಗಳುವ ನಾಯಿಗೇ ಅಲ್ಲಿ ಬೆಲೆ, ಅದಕ್ಕೆಂದೇ ಸ್ಪರ್ಧೆಗಳೂ ಇವೆ.

ಉತ್ತರ 2:
ಶಾಕ್ ಕಾಲರ್ ಖಂಡಿತ ಬೇಡ. ಈ ತಳಿ ತುಂಬಾ ಸೂಕ್ಷ್ಮ. ಹಕ್ಕಿ ಕಂಡಾಗಲೆಲ್ಲ ನೋವಾದರೆ ಬೊಗಳು ನಿಂತರೂ ಅಂಜಿಕೆ ಉಳಿಯುತ್ತದೆ. ಗದರುವುದನ್ನೂ ಬಿಡಿ, ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದೇ ಅದಕ್ಕೆ ಅನಿಸುತ್ತದೆ.

ಮೊದಲು ಕಿಟಕಿಯ ಕೆಳಭಾಗಕ್ಕೆ ಆಚೆ ಕಾಣದಂಥ ಹಾಳೆ ಅಂಟಿಸಿ. ಆಮೇಲೆ ‘ಸಾಕು’ ಕಲಿಸಿ: ಎರಡು ಮೂರು ಬೊಗಳಿಗೆ ಬಿಡಿ, ಶಾಂತವಾಗಿ ‘ಸಾಕು’ ಎನ್ನಿ, ತಿನಿಸನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂಸುವಾಗ ಬಾಯಿ ಮುಚ್ಚುತ್ತದೆ. 2 ಸೆಕೆಂಡ್ ಸುಮ್ಮನಿದ್ದರೆ ಕೊಡಿ. ಬರಬರುತ್ತ 5, 10, 20 ಸೆಕೆಂಡಿಗೆ ಏರಿಸಿ. ಒಂದು ಸಲಕ್ಕೆ 5 ನಿಮಿಷ ಸಾಕು. ಹೇಳಿದ್ದನ್ನೇ ಹೇಳಿದರೆ ಇದು ಬೇಸತ್ತು ಎದ್ದು ಹೋಗುತ್ತದೆ. ಅದು ಹಟವಲ್ಲ, ಸ್ವಂತ ಬುದ್ಧಿಯಿಂದ ಕೆಲಸ ಮಾಡುವ ನಾಯಿಯ ಸ್ವಭಾವ.

ಉತ್ತರ 3:
ಮೇಲಿನ ಕ್ರಮ ಸರಿ, ಆದರೆ ಒಂದು ಕಡೆ ಎಡವುತ್ತಾರೆ. ಬೊಗಳಿ ನಿಲ್ಲಿಸಿದಾಗ ಮಾತ್ರ ತಿನಿಸು ಕೊಟ್ಟರೆ, ತಿನಿಸಿಗಾಗಿಯೇ ಬೊಗಳಲು ಶುರುಮಾಡುತ್ತದೆ. ಹಕ್ಕಿ ನೋಡಿ ಕಿವಿ ನಿಮಿರಿಸಿ, ಇನ್ನೂ ಬೊಗಳದೆ ನಿಂತ ಆ ಕ್ಷಣದಲ್ಲೂ ಕೊಡಿ. ಹೆಚ್ಚು ಫಲ ಸಿಗುವುದು ಅಲ್ಲೇ.

ಹೊರಗೆ ಹಗ್ಗ ಬಿಚ್ಚಬೇಡಿ. ಹಕ್ಕಿಯ ಹಿಂದೆ ಹೋದರೆ ಕರೆದರೂ ಬರುವುದಿಲ್ಲ. 10 ಮೀಟರ್ ಉದ್ದದ ಹಗ್ಗವನ್ನು ಕಾಲರಿಗಲ್ಲ, ಎದೆ ಸುತ್ತ ಹಾಕುವ ಪಟ್ಟಿಗೆ (ಹಾರ್ನೆಸ್) ಕಟ್ಟಿ. ಓಡಿ ಜಗ್ಗಿದಾಗ ಕುತ್ತಿಗೆಗೆ ಪೆಟ್ಟಾಗುವುದಿಲ್ಲ.