ರಿಟೈರ್ ಆದ್ಮೇಲೆ ಅಪ್ಪನ ಸ್ವಭಾವಾನೇ ಬದಲಾಗಿದೆ, ಸೈಕಾಲಜಿ ಓದಿರೋರು ಸ್ವಲ್ಪ ಹೇಳ್ತೀರಾ?

ವಿಜಯನಗರದ ಮಗಳು
ಎಲ್ರಿಗೂ ನಮಸ್ಕಾರ. ನಮ್ಮಪ್ಪ ಯುಗಾದಿ ಆದ್ಮೇಲೆ ರಿಟೈರ್ ಆದ್ರು, ದೊಡ್ಡ ಫ್ಯಾಕ್ಟರಿಲಿ ಟೂಲ್ ರೂಮಲ್ಲಿ, ಅಂದ್ರೆ ಮೆಷಿನ್‌ಗೆ ಬೇಕಾದ ಅಚ್ಚು, ಉಪಕರಣ ಮಾಡೋ ವಿಭಾಗದಲ್ಲಿ ಇದ್ದೋರು, ಮದ್ವೆಗೆ ಮುಂಚಿಂದಾನೂ ಅದೇ ಕೆಲಸ. ಈಗ್ಲೂ ಐದಕ್ಕೇ ಏಳ್ತಾರೆ, ಶೇವ್ ಮಾಡ್ಕೊಂಡು ಇಸ್ತ್ರಿ ಶರ್ಟ್ ಹಾಕ್ಕೊಂಡು ಫ್ಯಾಕ್ಟರಿ ಬಸ್ ಬರ್ತಿದ್ದ ಸ್ಟಾಪ್ ತನಕ ಹೋಗಿ ಪೇಪರ್ ತಗೊಂಡು ವಾಪಸ್ ಬರ್ತಾರೆ, ಆಮೇಲೆ ದಿನವಿಡೀ ಮಾತೇ ಇಲ್ಲ. ಬೀದಿಲಿ ಎಲ್ಲರ್ನೂ ನಿಲ್ಸಿ ಮಾತಾಡ್ಸ್ತಿದ್ದ ಮನುಷ್ಯ. ಮೊನ್ನೆ ಬ್ಯಾಂಕಲ್ಲಿ ಕೆವೈಸಿ ಫಾರಂ ತುಂಬ್ತಾ 'ಉದ್ಯೋಗ' ಅನ್ನೋ ಜಾಗದಲ್ಲಿ ಪೆನ್ ಹಿಡ್ಕೊಂಡು ಹಾಗೇ ಕೂತ್ಬಿಟ್ರು, ಕೊನೆಗೆ ನಾನೇ ಬರೆದೆ. ಅರವತ್ತಕ್ಕೆ ಮನುಷ್ಯನ ವ್ಯಕ್ತಿತ್ವ ಬದಲಾಗುತ್ತಾ? ಅಮ್ಮ ತುಂಬಾ ಹೆದರಿದಾರೆ.

ಕ್ಲಾಸ್ ಮೇಷ್ಟ್ರು
ಡಿಗ್ರಿ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತೀನಿ ಮೇಡಂ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ನೀವು ಹೇಳ್ತಿರೋದು ವ್ಯಕ್ತಿತ್ವಕ್ಕಿಂತ ಹೆಚ್ಚಾಗಿ ಐಡೆಂಟಿಟಿ ವಿಷಯ, ಅಂದ್ರೆ ತಾನು ಯಾರು ಅಂತ ಮನುಷ್ಯ ತನ್ನ ಬಗ್ಗೆ ಅಂದ್ಕೊಂಡಿರೋದು, ಎರಡೂ ಬೇರೆ ಬೇರೆ. ವ್ಯಕ್ತಿತ್ವ ಅಂದ್ರೆ ಈಗಿನ ಸಂಶೋಧಕರು ಹೆಚ್ಚಾಗಿ ನೋಡೋದು ಬಿಗ್ ಫೈವ್ ಅನ್ನೋ ಐದು ಗುಣಗಳನ್ನ: ಹೊಸದಕ್ಕೆ ತೆರೆದುಕೊಳ್ಳೋದು, ಶಿಸ್ತು, ಜನರ ಜೊತೆ ಬೆರೆಯೋದು, ಹೊಂದಿಕೊಂಡು ಹೋಗೋದು, ಬೇಗ ಕಳವಳಪಡೋದು. ಇವು ಜೀವನಪೂರ್ತಿ ಬದಲಾಗ್ತಾವೆ ನಿಜ, 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು ದೀರ್ಘಕಾಲದ ಅಧ್ಯಯನಗಳಲ್ಲಿ ಗಮನಿಸಿದ 92 ಗುಂಪುಗಳ ಮಾಹಿತಿನ ಒಟ್ಟಿಗೆ ಇಟ್ಟು ನೋಡಿದಾಗ ಅದೇ ಕಾಣಿಸ್ತು, ಆದ್ರೆ ಆ ಬದಲಾವಣೆ ವರ್ಷಗಟ್ಲೆ ನಿಧಾನಕ್ಕೆ ಆಗೋದು. ಕೆಲವೇ ತಿಂಗಳಲ್ಲಿ ಮಾತುಗಾರ ಮೌನಿ ಆದ ಅಂದ್ರೆ ಕಾರಣ ಬೇರೆ ಕಡೆ ಹುಡುಕ್ಬೇಕು.

ಐಡೆಂಟಿಟಿ ಕ್ರೈಸಿಸ್ ಅನ್ನೋ ಮಾತನ್ನ ಎಲ್ಲರ ಬಾಯಿಗೆ ತಂದವನು ಎರಿಕ್ ಎರಿಕ್ಸನ್ ಅನ್ನೋ ಮನೋವಿಶ್ಲೇಷಕ. ಹೆತ್ತ ತಂದೆ ಯಾರು ಅಂತ ಅವನಿಗೆ ಕೊನೆವರೆಗೂ ಗೊತ್ತಾಗ್ಲಿಲ್ಲ, ಮಲತಂದೆ ಹೆಸರಲ್ಲಿ ಹೋಂಬರ್ಗರ್ ಆಗಿ ಬೆಳೆದು, 1939ರಲ್ಲಿ ಅಮೆರಿಕದ ಪ್ರಜೆ ಆದಾಗ ತನಗೆ ತಾನೇ ಎರಿಕ್ಸನ್ ಅಂತ ಹೆಸರಿಟ್ಕೊಂಡ. 'ನಾನು ಯಾರು' ಅನ್ನೋದು ಅವನಿಗೆ ಸ್ವಂತ ಬದುಕಿನ ಪ್ರಶ್ನೆನೇ ಆಗಿತ್ತು. ಬದುಕನ್ನ ಎಂಟು ಹಂತ ಮಾಡ್ದ, ಮುಪ್ಪಿಂದು ಎಂಟನೇದು, ಬಾಳಿದ್ದು ಸಾರ್ಥಕನಾ ಅಂತ ತಿರುಗಿ ನೋಡೋದು. ಆದ್ರೆ ನಿಮ್ಮ ತಂದೆನ ಅಲ್ಲಿಗೆ ತಳ್ಳೋಕೆ ನನಗೆ ಮನಸ್ಸಿಲ್ಲ. ಏಳನೇ ಹಂತ ಇದ್ಯಲ್ಲ, ಮುಂದಿನವರನ್ನ ಬೆಳೆಸೋದು, ತನಗೆ ಗೊತ್ತಿರೋದನ್ನ ದಾಟಿಸೋದು, ಅವರಿಗೆ ಅದು ಇನ್ನೂ ಬಾಕಿ ಇದೆ ಅನ್ಸುತ್ತೆ, ದಾಟಿಸೋ ಜಾಗ ಮಾತ್ರ ಕೈಬಿಟ್ಟು ಹೋಗಿದೆ.

ಮಲ್ಲೇಶ್ವರಂ ರಾಯರು
ಮೇಷ್ಟ್ರು ಹೇಳಿದ್ದು ಸರಿ. ನಾನು ಬ್ಯಾಂಕಿಂದ ರಿಟೈರ್ ಆದವನು ತಾಯಿ, ನಿಮ್ಮ ತಂದೆ ಬಸ್ ಸ್ಟಾಪಿಗೆ ಹೋಗೋದನ್ನ ಯಾರೂ ತಡೀಬೇಡಿ. ವಿಲಿಯಂ ಬ್ರಿಡ್ಜಸ್ ಅಂತೊಬ್ಬರು ಜೀವನದ ತಿರುವುಗಳ ಬಗ್ಗೆ ಹೇಳಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು: ಮೊದಲು ಒಂದು ಮುಗಿಯೋದು, ಆಮೇಲೆ ಹಳೇದೂ ಅಲ್ಲ ಹೊಸದೂ ಅಲ್ಲ ಅನ್ನೋ ನಡುಗಾಲ, ಕೊನೆಗೆ ಹೊಸದೊಂದು ಶುರುವಾಗೋದು. ಮನೆಯವರು ಆ ನಡುಗಾಲವನ್ನೇ ಕಾಯಿಲೆ ಅಂತ ಗಾಬರಿಯಾಗಿ 'ವಾಕಿಂಗ್ ಹೋಗಿ, ದೇವಸ್ಥಾನಕ್ಕೆ ಹೋಗಿ, ಮೊಮ್ಮಗನ್ನ ಸ್ಕೂಲಿಗೆ ಬಿಟ್ಟು ಬನ್ನಿ' ಅಂತ ಶುರು ಹಚ್ಕೋತಾರೆ. ಹೊತ್ತು ಹೋಗುತ್ತೆ, ಆದ್ರೆ ನನ್ನ ಕೈಗೆ ಗೊತ್ತಿರೋ ಕೆಲಸಾನ ಯಾರೂ ಕೇಳ್ತಿಲ್ವಲ್ಲ ಅನ್ನೋ ಸಂಕಟ ಹೋಗಲ್ಲ. ಟೂಲ್ ರೂಮ್ ಅಂದ್ರಿ, ಕೂದಲೆಳೆ ದಪ್ಪಾನೂ ಅಳೆಯೋ ಮೈಕ್ರೋಮೀಟರ್ ಹಿಡಿದ ಕೈ ಅದು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಎಷ್ಟು ಸಣ್ಣ ಸಣ್ಣ ಫ್ಯಾಕ್ಟರಿ ಶೆಡ್ಡುಗಳಿವೆ, ಐಟಿಐ ಮುಗ್ಸಿದ ಹುಡುಗರಿಗೆ ಕೈಹಿಡಿದು ಹೇಳ್ಕೊಡೋರೇ ಇಲ್ಲ. ವಾರಕ್ಕೆರಡು ದಿನ ಹೋಗ್ಬಂದ್ರೂ ಸಾಕು.

ಸುಮ್ನೆ ಕೇಳ್ದೆ
ಇವೆಲ್ಲ ಅಮೆರಿಕದ ಲೆಕ್ಕ ಅಲ್ವಾ ಸರ್? ಹೋಮ್ಸ್ ಮತ್ತು ರಾಹೆ ಅನ್ನೋ ಮನೋವೈದ್ಯರು 1967ರಲ್ಲಿ ಬದುಕಿನ ಒಂದೊಂದು ಘಟನೆಗೂ ಅಂಕ ಕೊಟ್ಟು ಮಾಡಿದ ಸ್ಟ್ರೆಸ್ ಪಟ್ಟಿಲಿ ಗಂಡನೋ ಹೆಂಡತಿಯೋ ತೀರ್ಕೊಂಡ್ರೆ 100, ಮದ್ವೆಗೆ 50, ರಿಟೈರ್ಮೆಂಟಿಗೆ 45. ನಮ್ಮ ಮನೆಗಳಲ್ಲಿ ಮಗಳ ಮದ್ವೆ ಬಾಕಿ ಇರುವಾಗ ರಿಟೈರ್ ಆಗೋ ಅಪ್ಪಂಗೆ ಅದೇ 45 ಹೇಗಾಗುತ್ತೆ? ನಮ್ಮಲ್ಲಿ ಗೃಹಸ್ಥ, ವಾನಪ್ರಸ್ಥ ಅಂತ ಮೊದ್ಲೇ ಇತ್ತಲ್ಲ.

ಕ್ಲಾಸ್ ಮೇಷ್ಟ್ರು
ಒಳ್ಳೇ ಪ್ರಶ್ನೆ. ಆ ಅಂಕಗಳನ್ನ ಒಬ್ಬ ಮನುಷ್ಯನ ಮೇಲೆ ಹಾಗೇ ಹೊರಿಸ್ಬಾರದು. ಬದುಕಿನ ತಿರುವುಗಳ ಬಗ್ಗೆ ಸಂಶೋಧನೆ ಮಾಡಿದ ನ್ಯಾನ್ಸಿ ಶ್ಲಾಸ್‌ಬರ್ಗ್ ಹೇಳೋದೂ ಅದನ್ನೇ, ತಿರುವು ಒಂದೇ ಆದ್ರೂ ಪರಿಸ್ಥಿತಿ, ಆ ಮನುಷ್ಯ, ಆಸರೆಯಾಗೋ ಜನ, ಅವನು ನಿಭಾಯಿಸೋ ರೀತಿ ಈ ನಾಲ್ಕೂ ನೋಡ್ಬೇಕು. ಇನ್ನು ಎರಿಕ್ಸನ್ ನಮ್ಮ ಕಡೆ ನೋಡ್ಲೇ ಇಲ್ಲ ಅನ್ನೋ ಹಾಗಿಲ್ಲ, 1918ರ ಅಹಮದಾಬಾದ್ ಗಿರಣಿ ಮುಷ್ಕರ ಇಟ್ಕೊಂಡು ಗಾಂಧೀಜಿ ಬಗ್ಗೆ ದೊಡ್ಡ ಪುಸ್ತಕಾನೇ ಬರೆದ, 1969ರಲ್ಲಿ ಬಂತು. ಆದ್ರೆ ವಾನಪ್ರಸ್ಥ ಅಂತ ನಿಮ್ಮ ತಂದೆಗೆ ಹೇಳೋದು ಈಗ ಬೇಡ ಮೇಡಂ, ದೂರ ತಳ್ಳಿದ ಹಾಗೆ ಕೇಳಿಸ್ಬಹುದು.

ವಾರ್ಡ್ ಸಿಸ್ಟರ್
ಒಂದು ಮಾತು ಸೇರಿಸ್ತೀನಿ ಅಕ್ಕ. ನಿದ್ದೆ, ಊಟ ಹೇಗಿದೆ ನೋಡಿ. ಎರಡು ವಾರಕ್ಕಿಂತ ಹೆಚ್ಚು ದಿನ ಹೆಚ್ಚುಕಡಿಮೆ ಪ್ರತಿದಿನ ಮಂಕಾಗಿದ್ರೆ, ಇಷ್ಟದ್ದೇ ಬೇಡ ಅಂದ್ರೆ, 'ನಾನಿದ್ದು ಏನು ಪ್ರಯೋಜನ' ಅನ್ನೋ ಮಾತು ಬಂದ್ರೆ ಅದನ್ನ ನಡುಗಾಲ ಅಂತ ಬಿಡಬೇಡಿ, ಖಿನ್ನತೆ ಇರಬಹುದು, ಔಷಧಿ ಕೌನ್ಸೆಲಿಂಗ್ ಎರಡೂ ಇದೆ. ಥೈರಾಯ್ಡ್, ಬಿ12 ಕೂಡ ಒಮ್ಮೆ ಚೆಕ್ ಮಾಡ್ಸಿ. ನಿಮ್ಹಾನ್ಸ್‌ಗೆ ಹೋಗ್ಬಹುದು, ಅಪ್ಪ ಈಗ್ಲೇ ಒಪ್ಪದಿದ್ರೆ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕೇಳಿ, ಕನ್ನಡದಲ್ಲೇ ಮಾತಾಡ್ತಾರೆ.

ವಿಜಯನಗರದ ಮಗಳು
ಎಲ್ರಿಗೂ ತುಂಬಾ ಥ್ಯಾಂಕ್ಸ್. ಊಟ ಪರವಾಗಿಲ್ಲ, ನಿದ್ದೆ ಕಮ್ಮಿ, ನಾಳೆ ಬ್ಲಡ್ ಟೆಸ್ಟಿಗೆ ಕರ್ಕೊಂಡು ಹೋಗ್ತೀನಿ, 14416ಕ್ಕೂ ಮಾಡ್ತೀನಿ. ರಾಯರೇ, ಪೀಣ್ಯದಲ್ಲಿ ಹಾಗೆ ಹೇಳ್ಕೊಡೋಕೆ ಯಾರನ್ನ ಕೇಳ್ಬೇಕು? ಅಪ್ಪನ ಹಳೇ ಫೋರ್‌ಮನ್ ಒಬ್ರು ಅಲ್ಲೇ ಶೆಡ್ ಇಟ್ಟಿದಾರೆ, ನಾನು ಕೇಳೋದು ಒಳ್ಳೇದಾ, ಅವರೇ ಅಪ್ಪನ್ನ ಕರೆಯೋ ಹಾಗೆ ಮಾಡೋದು ಒಳ್ಳೇದಾ?

ಮಲ್ಲೇಶ್ವರಂ ರಾಯರು
ಅವರೇ ಕರೀಲಿ ತಾಯಿ. ಬಿಡುವಾಗಿದ್ದೀರಾ ಅಂತಲ್ಲ, ಈ ಜಾಬ್, ಅಂದ್ರೆ ಮಾಡ್ತಿರೋ ಪಾರ್ಟು, ಸರಿಯಾಗಿ ಕೂತ್ಕೋತಿಲ್ಲ, ಸ್ವಲ್ಪ ಬಂದು ನೋಡಿ ಅಂತ ಕರೀಲಿ.